ಗುಬ್ಬಿ ಕಾಣದ ಹೊತ್ತು

ಚಪ್ಪಾಳೆ ಅಡಗಿದ ಮೇಲೆ ಟೀಚರ್ ಕಿಟಕಿಯ ಕಡೆ ತಿರುಗಿದರು. ಚಾಪೆಯ ಮೂಲೆಯಲ್ಲಿ ಗುಬ್ಬಿ ಇರಲಿಲ್ಲ. ಅವಳ ನೀಲಿ ಚಪ್ಪಲಿಗಳೂ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು.

ವಿಶೇಷ ಮಕ್ಕಳ ಆ ಪುಟ್ಟ ಶಾಲೆಯಲ್ಲಿ ಆ ಬೆಳಿಗ್ಗೆ ದಪ್ಪ ಕನ್ನಡಕದ ಹುಡುಗ ಮೊದಲ ಬಾರಿಗೆ ತನ್ನ ಬೂಟಿನ ಲೇಸನ್ನು ತಾನೇ ಕಟ್ಟಿಕೊಂಡಿದ್ದ. ಅದಕ್ಕಾಗಿ ಅವನೂ ಟೀಚರೂ ತಿಂಗಳುಗಟ್ಟಲೆ ಹೆಣಗಿದ್ದರು. ಗಂಟು ಬಿಚ್ಚಿಕೊಳ್ಳದೆ ನಿಂತಾಗ ಅವನು ಕಾಲನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದ. ಟೀಚರ್ ಮೈಮರೆತು ಚಪ್ಪಾಳೆ ತಟ್ಟಿದರು. ಮಕ್ಕಳೂ ತಟ್ಟಿದರು, ಆಯಾ ಪೊರಕೆ ಬದಿಗಿಟ್ಟು ತಟ್ಟಿದಳು. ಗುಬ್ಬಿಗೆ ಚಪ್ಪಾಳೆಯ ಸದ್ದು ಆಗಿಬರುವುದಿಲ್ಲ, ಕಿವಿ ಮುಚ್ಚಿಕೊಂಡು ಓಡುತ್ತಾಳೆ ಎಂಬುದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಟೀಚರಿಗೇ ಗೊತ್ತಿತ್ತು. ಆ ಒಂದು ಗಳಿಗೆ ಅದು ನೆನಪಾಗಲಿಲ್ಲ.

ಶೌಚಾಲಯದಲ್ಲಿ ಇರಲಿಲ್ಲ. ಮೆಟ್ಟಿಲ ಕೆಳಗೂ ಇರಲಿಲ್ಲ. ಅಂಗಳಕ್ಕೆ ನೀರಿನ ಟ್ಯಾಂಕರ್ ಬಂದಿತ್ತು, ಗೇಟು ಹಾರುಹೊಡೆದಿತ್ತು.

"ಈಗಷ್ಟೇ ನೋಡ್ದೆ ಟೀಚರ್, ಇಲ್ಲೇ ಕೂತಿದ್ಲು" ಎಂದಳು ಆಯಾ. ಅವಳ ತುಟಿ ಒಣಗಿತ್ತು.

"ನೀವು ಮಕ್ಕಳ ಹತ್ರ ಇರಿ. ಅವರಮ್ಮಂಗೆ ಫೋನ್ ಮಾಡಿ."

"ಏನಂತ ಹೇಳ್ಲಿ?"

"ಇದ್ದದ್ದನ್ನ ಹೇಳಿ" ಎನ್ನುತ್ತ ಟೀಚರ್ ಬೀದಿಗೆ ಓಡಿದರು.

ಗುಬ್ಬಿಗೆ ಒಂಬತ್ತು ವರ್ಷ. ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವ ಮಗುವೂ ಅಲ್ಲ. ಅದು ಗೊತ್ತಿದ್ದೂ ಟೀಚರ್ ಕೂಗುತ್ತಲೇ ಓಡಿದರು. ಸುಮ್ಮನೆ ಓಡುವ ಧೈರ್ಯ ಅವರಿಗಿರಲಿಲ್ಲ. ಬೀದಿಯ ಕೊನೆಯಲ್ಲಿ ಎಡಕ್ಕೆ ಹೋದರೆ ಲಾರಿಗಳ ಹೆದ್ದಾರಿ, ಬಲಕ್ಕೆ ಹೋದರೆ ಕೆರೆ. ನಲ್ಲಿ ಬಿಟ್ಟರೆ ಗುಬ್ಬಿ ಟ್ಯಾಂಕು ಬರಿದಾಗುವವರೆಗೂ ಕೈಯೊಡ್ಡಿ ನಿಲ್ಲುವವಳು. ಟೀಚರ್ ಬಲಕ್ಕೆ ತಿರುಗಿದರು.

ಕೆರೆಯ ತಂತಿಬೇಲಿ ಒಂದು ಕಡೆ ಕಿತ್ತುಹೋಗಿತ್ತು. ಆಳೆತ್ತರದ ಜೊಂಡು. ಅದರಾಚೆ ನೀರಿನ ಮೇಲೆ ಏನೋ ನೀಲಿಯದು ತೇಲುತ್ತಿತ್ತು.

ಕೆಸರಿನಲ್ಲಿ ಹೇಗೆ ಇಳಿದರೋ ಅವರಿಗೇ ತಿಳಿಯಲಿಲ್ಲ. ಸೊಂಟದವರೆಗೆ ನೀರು ಬಂದಾಗ ಕೈಚಾಚಿ ಅದನ್ನು ಹಿಡಿದರು. ಯಾವುದೋ ಬಕೆಟ್ಟಿನ ಮುಚ್ಚಳ. ಅದನ್ನು ಎದೆಗೊತ್ತಿಕೊಂಡು ನಿಂತರು. ನೆಮ್ಮದಿಯೇನೂ ಆಗಲಿಲ್ಲ. ನೀರು ಅಲ್ಲಾಡದೆ ಮಲಗಿತ್ತು. ಒಳಗೆ ಏನಿದ್ದರೂ ಅದು ಹಾಗೆಯೇ ಮಲಗಿರುತ್ತಿತ್ತು.

ದಡದಲ್ಲಿ ಬಿಸಾಕಿದ್ದ ಫೋನು ಹೊಡೆದುಕೊಳ್ಳತೊಡಗಿತು. ಟೀಚರ್ ಮೇಲೆ ಬಂದು ಎತ್ತಿದರು. ಗುಬ್ಬಿಯ ಅಮ್ಮ. ಅವಳ ಹಿಂದೆ ಹೊಲಿಗೆ ಯಂತ್ರಗಳ ಗರಗರ.

"ಸಿಕ್ಕಿದ್ಲಾ?"

"ಇನ್ನೂ ಇಲ್ಲ."

"ಕೆರೆ ನೋಡಿದ್ರಾ?"

"ಅಲ್ಲೇ ಇದ್ದೀನಿ."

 "ಬಂದೆ" ಎಂದು ಅಮ್ಮ ಫೋನು ಇಟ್ಟಳು.

ಟೀಚರ್ ಹೆದ್ದಾರಿಯ ಕಡೆ ಓಡಿದರು. ಒದ್ದೆ ಬಟ್ಟೆ ಕಾಲಿಗೆ ತೊಡರುತ್ತಿತ್ತು. ದೂರದಲ್ಲಿ ಯಾವುದೋ ಲಾರಿ ಕಿರ್ರೆಂದು ಬ್ರೇಕು ಹಾಕಿದ ಸದ್ದಿಗೆ ಕಾಲು ಅಲ್ಲೇ ಕಚ್ಚಿಕೊಂಡಿತು. ಜನ ಸೇರುತ್ತಿದ್ದಾರೆಯೇ ಎಂದು ನೋಡಲು ತಲೆಯೆತ್ತಲಾಗಲಿಲ್ಲ. ಎತ್ತಿದಾಗ ರಸ್ತೆಯಲ್ಲಿ ಯಾರೂ ಇರಲಿಲ್ಲ. ಆಚೆ ಬದಿಯ ಪಂಕ್ಚರ್ ಅಂಗಡಿಯ ಮುಂದೆ, ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಪಕ್ಕದಲ್ಲಿ, ಎರಡು ನೀಲಿ ಚಪ್ಪಲಿಗಳು ಕಾಣಿಸಿದವು. ಚಪ್ಪಲಿಗಳಲ್ಲಿ ಕಾಲುಗಳಿದ್ದವು.

ಗುಬ್ಬಿ ಕುಕ್ಕರುಗಾಲಿನಲ್ಲಿ ಕೂತು ಹಿಂದಿನ ಚಕ್ರಕ್ಕೆ ಮೂಗು ತಗಲುವಷ್ಟು ಬಾಗಿದ್ದಳು. ಅಂಗಡಿಯವನು ಕೈಯಿಂದ ಪೆಡಲ್ ತಿರುಗಿಸುತ್ತಿದ್ದ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ನಿಮ್ಮ ಮಗುನಾ?"

ಟೀಚರ್ ಹೌದೆಂದು ತಲೆಯಾಡಿಸಿದರು. 

"ಏನು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಚಕ್ರ ನಿಂತ್ರೆ ಎದ್ದು ಸೀದಾ ರಸ್ತೆಗೆ ನುಗ್ತಾಳೆ. ಒಂದ್ಸಲ ಲಾರಿ ಮುಂದಿಂದ ಎಳ್ಕೊಂಡು ಬಂದೆ, ನನ್ನ ಜೀವವೇ ಹೋಯ್ತು. ಆಮೇಲೆ ಪೆಡಲ್ ಬಿಟ್ಟಿಲ್ಲ. ಗಿರಾಕಿಗಳು ಬೈಕೊಂಡು ಹೋದ್ರು." ಅವನು ಕೈ ಬದಲಿಸಿದ. "ಇಷ್ಟು ತಿರುಗಿಸಿದ್ದಕ್ಕೆ ಈ ಸೈಕಲ್ಲು ಇಷ್ಟೊತ್ತಿಗೆ ಪಕ್ಕದೂರು ಮುಟ್ಟಿರೋದು."

"ಬಿಡಿ, ನಾನು ತಿರುಗಿಸ್ತೀನಿ" ಎಂದು ಟೀಚರ್ ನೆಲದ ಮೇಲೆ ಕೂತರು.   ಒದ್ದೆ ಬಟ್ಟೆಯಲ್ಲೇ ಪೆಡಲ್ ತಿರುಗಿಸತೊಡಗಿದರು. ಬಿಸಿಲು ಚಕ್ರದ ಕಡ್ಡಿಗಳಿಗೆ ಬಿದ್ದು ಗುಬ್ಬಿಯ ಮುಖದ ಮೇಲೆಲ್ಲ ಚೂರುಚೂರಾಗಿ ಓಡಾಡುತ್ತಿತ್ತು. ಅವಳು ಗಂಟಲೊಳಗೇ ಗುಳುಗುಳು ನಕ್ಕಳು. ಅಂಗಡಿಯವನೂ ನಕ್ಕ. ಟೀಚರಿಗೂ ನಗು ಬಂತು, ಅದರ ಜೊತೆಗೆ ಮೂಗೂ ಸೋರಿತು.

ಕೆರೆಗೆ ಹೊರಟಿದ್ದ ಅಮ್ಮ ದಾರಿಯಲ್ಲೇ ಅವರನ್ನು ಕಂಡು ಓಡುತ್ತ ಬಂದಳು. ಸೆರಗಿಗೆಲ್ಲ ದಾರದ ತುಂಡುಗಳು ಅಂಟಿದ್ದವು. ಮಗಳ ತಲೆ, ಬೆನ್ನು, ಮೊಣಕಾಲುಗಳನ್ನು ಮುಟ್ಟಿಮುಟ್ಟಿ ನೋಡಿದಳು. ಟೀಚರ್ ಪೆಡಲನ್ನು ಅಂಗಡಿಯವನಿಗೆ ಕೊಟ್ಟು ಎದ್ದು ನಿಂತರು. ಕೆನ್ನೆಗೆ ಬಿದ್ದರೂ ಬೀಳಲಿ ಎಂದುಕೊಂಡಿದ್ದರು.

"ತಪ್ಪು ನಂದೇ. ಚಪ್ಪಾಳೆ ತಟ್ಟಿಬಿಟ್ಟೆ."

"ಯಾಕೆ ತಟ್ಟಿದ್ರಿ?"

"ಒಬ್ಬ ಹುಡುಗ... ಲೇಸ್ ಕಟ್ಕೊಂಡ."

ಅಮ್ಮ ಅವರನ್ನೇ ನೋಡಿದಳು. ಸೊಂಟದವರೆಗಿನ ಕೆಸರು, ಕಂಕುಳಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಬಕೆಟ್ಟಿನ ಮುಚ್ಚಳ.

"ಆ ಕನ್ನಡಕದವನಾ? ಕಟ್ಕೊಂಡ್ನಾ?"

"ಹೂಂ."

ಅಮ್ಮ ಹಳೇ ಟೈರುಗಳ ಮೇಲೆ ಕುಸಿದು ಕೂತಳು. ಮೆಲ್ಲಗೆ ಹೇಳಿದಳು. "ಹೋದ ವರ್ಷ ನನ್ನ ಕೈಯಿಂದಾನೂ ತಪ್ಪಿಸ್ಕೊಂಡಿದ್ಲು. ಹಾಲು ಉಕ್ಕುತ್ತೆ ಅಂತ ಒಲೆ ಕಡೆ ತಿರುಗಿದ್ದಷ್ಟೇ. ಕೆರೆ ಒಳಗೆ ನಿಂತಿದ್ಲು, ನೀರು ಎದೆಮಟ್ಟ. ಅವರಪ್ಪಂಗೂ ಹೇಳಿಲ್ಲ ನಾನು."

ಟೀಚರ್ ಅವಳ ಪಕ್ಕ ಕೂತರು. "ನಾಳೆ ಕಳಿಸ್ತೀರಾ?" ಎಂದು ಕೇಳಲು ಬಹಳ ಕಷ್ಟವಾಯಿತು.

"ಕಳಿಸ್ದೆ ಇರ್ತೀನಾ? ಇಷ್ಟು ದಿನ ನಾನೊಬ್ಳೇ ಹೆದರ್ತಿದ್ದೆ" ಎಂದಳು ಅಮ್ಮ. "ಇನ್ಮೇಲೆ ನೀವೂ ಸ್ವಲ್ಪ ಹೆದರಿ."

ಅಂಗಡಿಯವನು ಪೆಡಲ್ ಬಿಟ್ಟ ಮೇಲೆ ಚಕ್ರ ನಿಧಾನವಾಗಿ ನಿಂತಿತು, ಗುಬ್ಬಿ ಎದ್ದಳು. ಮೂವರೂ ರಸ್ತೆಯಂಚಿಗೆ ಬಂದರು. ಗುಬ್ಬಿಯ ಕೈ ಹಿಡಿದು ಒಂದು ಕಡೆ ಅಮ್ಮ, ಇನ್ನೊಂದು ಕಡೆ ಟೀಚರ್. ಲಾರಿಗಳ ಸಾಲೇ ಬರುತ್ತಿತ್ತು. ಟೀಚರ್ ಆ ಪುಟ್ಟ ಕೈಯನ್ನು ತಮಗರಿವಿಲ್ಲದೆ ಬಿಗಿದು ಹಿಡಿದಿದ್ದರು. ಗುಬ್ಬಿ ಅಮ್ಮನಿಂದ ಕೈ ಬಿಡಿಸಿಕೊಂಡು ಟೀಚರ ಬೆರಳುಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದಳು.  ಕೊನೆಗೆ ಕಿರುಬೆರಳೊಂದು ಉಳಿಯಿತು. ಅದನ್ನು ಗುಬ್ಬಿ ತನ್ನ ಮುಷ್ಟಿಯೊಳಗೆ ತೆಗೆದುಕೊಂಡು, ಲಾರಿಗಳು ದಾಟುವವರೆಗೂ ಹಾಗೆಯೇ ನಿಂತಳು.