ನೂರೈವತ್ತು ವಾಟಿನ ಬಲ್ಬು

“ಈ ಬಲ್ಬು ಎಷ್ಟು ವಾಟಿಂದೋ?”

ತಿರುಮಲೇಶರು ಯಾರನ್ನೂ ಕೇಳಿದ್ದಲ್ಲ. ಕಾವ್ಯದ ಪುಸ್ತಕವನ್ನು ಮೂಗಿನ ಹತ್ತಿರ ತಂದು, ಮತ್ತೆ ದೂರ ಹಿಡಿದು, ಚಾವಣಿಯ ಕಡೆಗೆ ಹೇಳಿದ್ದು. ಆದರೂ ಆ ಮನೆಯ ದ್ವಾರಕಾನಾಥರು ಎದ್ದು ಬಲ್ಬು ಬದಲಿಸಿದರು.

೧೯೭೬ರ ಆ ದಿನಗಳಲ್ಲಿ ಅಮೆರಿಕದ ವಾರೆನ್, ಟ್ರಾಯ್ ಊರುಗಳ ಸುತ್ತಿನ ಕನ್ನಡದ ಮನೆಗಳಲ್ಲಿ ತಿರುಮಲೇಶರ ವಾಚನಕ್ಕೆಂದೇ ನೂರೈವತ್ತು ವಾಟಿನ ಒಂದು ಬಲ್ಬು ಇರುತ್ತಿತ್ತು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಯಾರದಾದರೂ ಬೇಸ್‌ಮೆಂಟಿನಲ್ಲಿ ಜಮಖಾನ ಹಾಸಿ ಹತ್ತಾರು ಜನ ಕೂರುತ್ತಿದ್ದರು. ದೇವಸ್ಥಾನ ಇನ್ನೂ ಕಟ್ಟಿರಲಿಲ್ಲ. ಆ ದನಿ ಕೇಳಿ ಎದ್ದರೆ ದರ್ಶನ ಮಾಡಿ ಬಂದ ಹಾಗಾಗುತ್ತಿತ್ತು.

ಬಲ್ಬು ಎಷ್ಟೇ ದೊಡ್ಡದಾದರೂ ಅವರ ಕಣ್ಣಿನ ಮಂಜು ಹೆಚ್ಚುತ್ತಲೇ ಇತ್ತೆಂಬುದು ಹೆಂಡತಿ ಇಂದುಮತಿಗೆ ಮಾತ್ರ ಗೊತ್ತು. ಹಿಂದೆ ಕೂತು, ತಮ್ಮ ಪ್ರತಿ ನೋಡಿಕೊಂಡು, ಒಂದೊಂದು ಪದ್ಯದ ಮೊದಲ ಪದವನ್ನು ಆಕೆ ಮೆಲ್ಲಗೆ ಹೇಳಿಕೊಡುತ್ತಿದ್ದರು. ಅಷ್ಟು ಸಿಕ್ಕರೆ ಸಾಕು, ಮಿಕ್ಕದ್ದು ತಿರುಮಲೇಶರಿಗೆ ಮೈಸೂರಿನಲ್ಲಿ ಅಪ್ಪನ ಪಕ್ಕ ಕೂತು ಕಲಿತ ಬಾಯಿಪಾಠ.

ಹೋದ ವಾರ ಡಾಕ್ಟರು ಬಿಡಿಸಿ ಹೇಳಿದ್ದರು. ಸಕ್ಕರೆ ಕಾಯಿಲೆಯಿಂದ ಬಲಗಣ್ಣಿನ ಒಳಗಿನ ರಕ್ತನಾಳಗಳು ಸೋರುತ್ತಿವೆ. ಲೇಸರ್ ಬೆಳಕಿನಿಂದ ಅದನ್ನು ತಡೆಯಬೇಕು. ಆಮೇಲೆ ಎಡಗಣ್ಣಿನ ಪೊರೆ ತೆಗೆದು ದಪ್ಪ ಕನ್ನಡಕ ಕೊಡಬಹುದು. ಹೋದ ದೃಷ್ಟಿಯೆಲ್ಲ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ತಡಮಾಡಿ ಕಣ್ಣೊಳಗೆ ರಕ್ತ ತುಂಬಿದರೆ ತೆಗೆಯಲು ಹೊಸ ಆಪರೇಷನ್ ಒಂದಿದೆ, ಆದರೆ ಭರವಸೆ ಕೊಡಲಾರೆ. ಬುಧವಾರ ಲೇಸರಿಗೆ ಬನ್ನಿ.

ಆ ದಿನ ಕಾರು ಓಡಿಸಿಕೊಂಡು ಬರುವಾಗ ತಿರುಮಲೇಶರು ಹೇಳಿದ್ದರು, “ಬುಧವಾರದ್ದು ಕ್ಯಾನ್ಸಲ್ ಮಾಡ್ಸು. ಈ ಪರ್ವ ಮುಗೀಲಿ.”

“ಹೋದ ಸಲ ಯುಗಾದಿ ಮುಗೀಲಿ ಅಂದ್ರಿ.”

“ಕಣ್ಣೊಳಗೆ ಸುಡ್ತಾರಂತೆ ಕಣೆ. ಇರೋದೂ ಹೋದ್ರೆ ಏನ್ ಓದ್ಲಿ? ಅಪ್ಪ ಪೊರೆ ಬಂದು, ಹತ್ತು ವರ್ಷ ಕಣ್ಣಿಲ್ದೇ ಓದ್ಲಿಲ್ವಾ?”

“ಮಾವನೋರು ಹೈವೇಲಿ ಡ್ರೈವ್ ಮಾಡ್ತಿರ್ಲಿಲ್ಲ.”

ತಿರುಮಲೇಶರು ನಕ್ಕರು. ಅಷ್ಟರಲ್ಲಿ ಅಡ್ಡರಸ್ತೆಯಿಂದ ಹಾರ್ನ್ ಕಿರುಚಿತು. ಒಂದು ಲಾರಿ ಕೂದಲೆಳೆಯ ಅಂತರದಲ್ಲಿ ನಿಂತಿತ್ತು.

“ರೆಡ್ ಲೈಟ್ ಇದೆ ಅಂತ ಯಾಕೆ ಹೇಳ್ಲಿಲ್ಲ?” ಎಂದು ಅವರು ಗದರಿದರು.

ಇಂದುಮತಿ ಲಾರಿಯವನತ್ತ ಕೈಯೆತ್ತಿ ಕ್ಷಮೆ ಕೇಳಿದರು. ಹೈವೇಯಿಂದ ಇಳಿಯುವ ಎಕ್ಸಿಟ್ ಹೇಳುತ್ತಿದ್ದದ್ದು ತಾನು, ಪದ್ಯ ಹೇಳಿಕೊಡುತ್ತಿದ್ದದ್ದೂ ತಾನು. ಹೀಗೆ ಹೇಳುತ್ತಾ ಹೋದಷ್ಟು ದಿನವೂ ಇವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಆಗ ಅವರಿಗೆ ಹೊಳೆಯಿತು.

ಈಗ ದ್ವಾರಕಾನಾಥರ ಬೇಸ್‌ಮೆಂಟಿನಲ್ಲಿ ಹೊಸ ಬಲ್ಬು ಉರಿಯುತ್ತಿತ್ತು. ತಿರುಮಲೇಶರು ಕೈಮುಗಿದು, ಪುಟದ ಮೇಲೆ ಬೆರಳಿಟ್ಟು, ಕಿವಿಯನ್ನು ಹಿಂದಕ್ಕೆ ವಾಲಿಸಿದರು. ಹಿಂದಿನಿಂದ ಏನೂ ಬರಲಿಲ್ಲ. ಒಮ್ಮೆ ಕೆಮ್ಮಿದರು.

“ಗಂಟಲು ಕೆಟ್ಟಿದ್ಯಾ ಅಂಕಲ್? ಬಿಸಿನೀರು ತರ್ಲಾ?” ಎಂದಳು ದ್ವಾರಕಾನಾಥರ ಸೊಸೆ ಮಂಜರಿ.

“ಬೇಡಮ್ಮ.” ಅವರು ಹಿಂದಕ್ಕೆ ತಿರುಗಿ ಪಿಸುಗುಟ್ಟಿದರು, “ಇಂದೂ, ಮೊದಲ ಪದ ಹೇಳೇ.”

ಇಂದುಮತಿ ತಮ್ಮ ಪ್ರತಿಯನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ದನಿ ಎಲ್ಲರಿಗೂ ಕೇಳುವಷ್ಟಿತ್ತು.

“ಬುಧವಾರದ್ದು ನಾನು ಕ್ಯಾನ್ಸಲ್ ಮಾಡ್ಸಿಲ್ಲ. ನೀವು ಲೇಸರ್ ಮಾಡಿಸ್ಕೊಂಡು ಬರೋವರ್ಗೂ ಹೇಳಲ್ಲ.”