ಅಳಿಯನ ಕೋಟು

ಪಂಚನಹಳ್ಳಿಯ ಷಡಕ್ಷರಿ ಪುಂಡ ಹೋರಿಯನ್ನು ಮೂಗುದಾರ ಹಿಡಿದು ಒಂದೇ ಕೈಲಿ ನಿಲ್ಲಿಸುವ ಆಳು. ಅಂಥವನಿಗೆ ಅಂಗಿಯ ಗುಂಡಿ ಕಂಡರೆ ಹೆದರಿಕೆ. ನಗಬೇಡಿ. ಆ ದುಂಡನೆಯ ತಣ್ಣನೆಯ ಬಿಲ್ಲೆ ಮೈಗೆ ತಾಗುತ್ತದೆಂದು ನೆನೆದರೇ ಅವನು ಮಾರುದೂರ ಸರಿಯುತ್ತಿದ್ದ. ಚಿಕ್ಕಂದಿನಿಂದ ಗುಂಡಿಯ ಬದಲು ಕಸೆ ಕಟ್ಟುವ ಅಂಗಿಯನ್ನೇ ತೊಟ್ಟು ಹೇಗೋ ಗುಟ್ಟು ಕಾಪಾಡಿಕೊಂಡಿದ್ದ. ಗಂಡಸು ಅನ್ನಿಸಿಕೊಂಡವನು ಬಾಯಿಬಿಟ್ಟು ಹೇಳುವ ಮಾತೇ ಅದು?

ಮದುವೆಯಾದ ಮೊದಲ ದೀಪಾವಳಿಗೆ ಕಡೂರಿನ ಮಾವನ ಮನೆಗೆ ಹೋದ. ಬೆಳಗ್ಗೆ ಎಣ್ಣೆನೀರು ಆಯಿತು. ಅತ್ತೆ ಕರಿಬಸಮ್ಮ ತಟ್ಟೆಯಲ್ಲಿ ಹೊಸ ಕೋಟು ತಂದಿಟ್ಟರು. ಅಮಲ್ದಾರರು ತೊಡುವಂಥದ್ದು, ಎದೆಯುದ್ದಕ್ಕೂ ಹಿತ್ತಾಳೆ ಗುಂಡಿ. ಅದನ್ನು ತೊಟ್ಟು ಪಡಸಾಲೆಯಲ್ಲಿ ಕೂತ ನೆಂಟರಿಗೆಲ್ಲ ನಮಸ್ಕಾರ ಮಾಡಬೇಕು. ಷಡಕ್ಷರಿಗೆ ಬೆವರು ಕಿತ್ತುಕೊಂಡಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

“ಬಟ್ಟೆ ತೀರಾ ಒರಟು ಅತ್ತೆ. ಇಂಥದ್ನೆಲ್ಲ ನಾನು ಹಾಕ್ಕಳಲ್ಲ.”

ಕರಿಬಸಮ್ಮನ ಮುಖ ಸಣ್ಣದಾಯಿತು. ಹೆಂಡತಿ ವಿಶಾಲಾಕ್ಷಿ ತಲೆ ತಗ್ಗಿಸಿ ಒಳಗೆ ಹೋದಳು. ಮಾವ ತೀರ್ಥಪ್ಪನವರು ಬಿಸಿಲಲ್ಲೇ ಬೀರೂರಿನ ದಾರಿ ಹಿಡಿದರು.

ಸಂಜೆಗೆ ತಿರುಗಿ ಬಂದಾಗ ಮೊಣಕಾಲವರೆಗೂ ಧೂಳು. ದರ್ಜಿಯನ್ನು ಕಾಡಿ ಬೇಡಿ, ಇನ್ಯಾರಿಗೋ ಹೊಲಿದಿಟ್ಟಿದ್ದ ನುಣುಪು ಉಣ್ಣೆಯ ಬನಾತಿನ ಕೋಟನ್ನೇ ತಂದಿದ್ದರು. ಅದರ ಗುಂಡಿಗಳು ಇನ್ನೂ ದೊಡ್ಡವು, ಬೆಳ್ಳಿಯವು.

“ತಪ್ಪಾಯ್ತು ಅಳಿಯಂದ್ರೆ. ನಮಗೆ ತಿಳೀಲಿಲ್ಲ,” ಎಂದು ಕೈಮುಗಿದರು.

ಆ ಹಿರಿಯ ಜೀವ ತನಗೆ ಕೈಮುಗಿದದ್ದು ಕಂಡು ಷಡಕ್ಷರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಚಿಕೆಯಿಂದ ಕಿವಿ ಸುಟ್ಟವು.

“ಮಾವ, ಬಟ್ಟೆ ಚೆನ್ನಾಗೇ ಇತ್ತು. ನಂಗೆ... ಗುಂಡಿ ಕಂಡ್ರೆ ಹೆದ್ರಿಕೆ.”

ನೆಂಟರಲ್ಲೊಬ್ಬ ಕಿಸಕ್ಕೆಂದ. ತೀರ್ಥಪ್ಪನವರು ನಗಲಿಲ್ಲ, ನಂಬಲೂ ಇಲ್ಲ. “ಇದೂ ಸಾಲ್ದಾ? ಇನ್ನೇನು ಬೇಕೋ ಹೇಳ್ಬಿಡಿ. ಸುತ್ತಿ ಬಳಸಿ ಮಾತಾಡ್ಬೇಡಿ.”

ಷಡಕ್ಷರಿ ಕೋಟಿಗೆ ತೋಳು ತೂರಿಸಿದ. “ನೀವೇ ಗುಂಡಿ ಹಾಕಿ ಮಾವ,” ಎಂದು ಕಣ್ಣು ಮುಚ್ಚಿದ. ಎರಡನೆಯದು ಹಾಕುವಷ್ಟರಲ್ಲಿ ಅವನ ಎದೆ ಡವಡವ ಹೊಡೆದುಕೊಳ್ಳುವುದು ಮುದುಕರ ಬೆರಳಿಗೆ ತಿಳಿಯಿತು. ಹಣೆಯ ಬೆವರು ಅವರ ಕೈಮೇಲೆ ತೊಟ್ಟಿಕ್ಕಿತು. ಅವರು ಹಾಕಿದ್ದನ್ನು ಬಿಚ್ಚಿ, ಕೋಟು ಕಳಚಿ ತೆಗೆದರು.

“ಬೆಳಗ್ಗೆನೇ ಹೇಳಿದ್ರೆ ಎಲ್ಲಾ ಕಿತ್ತಾಕ್ಸಿ ಕಸೆ ಹೊಲಿಸ್ತಿದ್ನಲ್ಲಪ್ಪಾ,” ಎಂದರು ಮೆತ್ತಗೆ. “ಆ ಮೊದಲಿನ ಕೋಟು ನಿಮ್ಮತ್ತೆ ಆರಿಸಿದ ಬಟ್ಟೆ. ಬೆಳಗ್ಗಿಂದ ಅವಳು ಒಂದು ತುತ್ತೂ ಬಾಯಿಗಿಟ್ಟಿಲ್ಲ.”

ಷಡಕ್ಷರಿ ಅಡಿಗೆಮನೆಯ ಹೊಸಿಲವರೆಗೆ ಹೋಗಿ ನಿಂತ. ಯಾವ ಮುಖ ಹೊತ್ತು ಒಳಗೆ ಹೋಗುವುದು?