ರಂಪಣಿಯ ಪಾಲು

ಅಂಕೋಲೆಯಿಂದ ತಿರುಗಿ ಬಂದ ಮೇಲೆ ಹನುಮಂತರಾಯರಿಗೆ ಎರಡು ಹೊಸ ಚಟ ಅಂಟಿದ್ದವು. ಒಂದು, ಊಟಕ್ಕೆ ಮುಂಚೆ ಕೋಕಂ ನೀರು ಕುಡಿಯುವುದು. ಇನ್ನೊಂದು, ಮಾತಿಗೊಮ್ಮೆ "ಎಂತ ಮಾರಾಯ್ರೆ" ಅನ್ನುವುದು. ಕೋಕಂ ನೀರನ್ನು ಎದುರು ಮನೆಯ ದತ್ತಾತ್ರೇಯ ಹೇಗೋ ಸಹಿಸಿಕೊಂಡರು. "ಎಂತ" ಮಾತ್ರ ಕೇಳಿದಾಗೊಮ್ಮೆ ಅವರ ಹೊಟ್ಟೆಯಲ್ಲಿ ಯಾರೋ ಒಣಮೆಣಸು ಕುಟ್ಟಿದ ಹಾಗಾಗುತ್ತಿತ್ತು.

ಕಾರಣ ಇತ್ತು. ಹೈದರಾಬಾದಿನ ಮಲ್ಕಾಜ್‌ಗಿರಿಯ ಆ ಅಪಾರ್ಟ್‌ಮೆಂಟಿನ ಕನ್ನಡದ ಮನೆಗಳಿಗೆಲ್ಲ ಸಮುದ್ರ ಅಂದರೆ ದತ್ತಾತ್ರೇಯ. ಉಳಿದವರು ಕಲಬುರ್ಗಿ, ರಾಯಚೂರು, ವಿಜಯಪುರದ ಕಡೆಯವರು. ಬಹಳ ನೀರು ಒಂದೇ ಕಡೆ ಇದ್ದರೆ ಅದು ಟ್ಯಾಂಕರ್ ಇರಬೇಕು ಎಂದು ತಿಳಿದವರು. ಅಂಕೋಲೆಯಲ್ಲಿ ಹುಟ್ಟಿದವರು ದತ್ತಾತ್ರೇಯ ಒಬ್ಬರೇ. ತಂದೆ ಅಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದರು. ಮಗ ಎರಡನೇ ಇಯತ್ತೆಯಲ್ಲಿದ್ದಾಗಲೇ ಅವರಿಗೆ ಗದಗಕ್ಕೆ ವರ್ಗವಾಯಿತು ಎಂಬುದನ್ನು ದತ್ತಾತ್ರೇಯ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ.

ರೈಲ್ವೆ ನೌಕರಿ ಸಿಕ್ಕು ಕಾಚಿಗೂಡದಲ್ಲಿ ಇಳಿದ ಹೊಸತರಲ್ಲಿ, ತಾಯಿಯ ಬಾಯಿಂದ ಬಂದ ಆ "ಎಂತ" ಅವರಿಗೂ ಇತ್ತು. ಜೊತೆಯ ಗೊಲ್ಲಾಳಪ್ಪ ಅಣಕಿಸಿ ಅಣಕಿಸಿ ಅದನ್ನು ಬಿಡಿಸಿದ್ದ. ಈಗ ಅದೇ ಗೊಲ್ಲಾಳಪ್ಪ, ನಿವೃತ್ತಿಯಾಗಿ ಕೆಳಗಿನ ಮನೆಯಲ್ಲಿರುವವ, ಹನುಮಂತರಾಯರ "ಎಂತ"ಕ್ಕೆ "ವಾರೆವ್ಹಾ! ಪಕ್ಕಾ ಅಲ್ಲಿ ಮಂದೀನ ಆಗ್ಯಾರ್ರಿ ರಾಯರು" ಎಂದು ತೊಡೆ ತಟ್ಟುತ್ತಿದ್ದ. ನ್ಯಾಯ ಅನ್ನುವುದು ಎಲ್ಲಿದೆ?

ಹನುಮಂತರಾಯರು ರಾಯಚೂರಿನ ಕಡೆಯವರು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ದುಡಿದು ಆ ವರ್ಷವಷ್ಟೇ ನಿವೃತ್ತರಾದವರು. ಗಣಪತಿಯನ್ನು ಕಳಿಸಿದ ಮರುದಿನವೇ ಹೆಂಡತಿ ಸುಭದ್ರಾ ಜೊತೆ ಅಂಕೋಲೆಗೆ ಹೋಗಿ, ಕಡಲ ದಂಡೆಯ ಹತ್ತಿರ ಬಾಡಿಗೆ ಮನೆ ಹಿಡಿದು, ಬನ್ನಿ ಹಬ್ಬಕ್ಕೆ ಸರಿಯಾಗಿ ವಾಪಸು ಬಂದಿದ್ದರು. ದತ್ತಾತ್ರೇಯ ರೈಲ್ವೆ ಪಾಸಿನಲ್ಲಿ ಕಾಶಿ, ರಾಮೇಶ್ವರ, ದ್ವಾರಕೆ ಎಲ್ಲ ನೋಡಿದ್ದರು, ಅಂಕೋಲೆಗೆ ಹೋಗಿರಲಿಲ್ಲ. ಹೋಗದ ಊರನ್ನು ವರ್ಣಿಸುವುದರಲ್ಲಿ ಒಂದು ಅನುಕೂಲ ಇದೆ: ಊರು ಎದುರುತ್ತರ ಕೊಡುವುದಿಲ್ಲ.

ಬನ್ನಿ ಹಬ್ಬದ ಸಂಜೆ ಹನುಮಂತರಾಯರು ಸುಭದ್ರಾ ಜೊತೆ ಎಲೆ ಹಿಡಿದು ಬಂದರು. "ಬನ್ನಿ ತಗೊಂಡು ಬಂಗಾರದಾಂಗ ಇರೋಣ್ರಿ" ಎಂದು ಅಪ್ಪಿಕೊಂಡರು. ಮೈಯಿಂದ ಉಪ್ಪುಗಾಳಿಯ ವಾಸನೆ ಬಂತೆಂದು ದತ್ತಾತ್ರೇಯರಿಗೆ ಅನ್ನಿಸಿತು. ಅಸೂಯೆಗೆ ಮೂಗು ಬಹಳ ಚುರುಕು.

"ಈ ಹಂಗಾಮಿನಾಗ ಅಲ್ಲಿ ಹೊರಗಿನವ್ರು ಯಾರೂ ಇರಂಗಿಲ್ರಿ," ಹನುಮಂತರಾಯರು ಕೂತುಕೊಂಡರು. "ಮಳಿ ಹಿಂದಾಗಿರ್ತದ, ಕಡಲು ತಿಳಿಯಾಗಿರ್ತದ. ಹೊಸಾ ಭತ್ತ ಬಂದಿರ್ತದ. ನೋಡಿ ಬರೂದಲ್ಲ, ಊರವ್ರಾಂಗ ಇದ್ದು ಬರಬೇಕು."

"ಇದನ್ನ ನನಗ ಹೇಳ್ತೀರೇನ್ರಿ?" ಎಂದರು ದತ್ತಾತ್ರೇಯ.

"ಅಯ್ಯ, ನಿಮಗೇನು ಹೇಳೂದರಿ! ನಾ ನಲಿನಿಬಾಯರಿಗೆ ಹೇಳ್ಲಿಕತ್ತೀನಿ."

ದತ್ತಾತ್ರೇಯರ ಹೆಂಡತಿ ನಲಿನಿ ಬರೀ ಹೆಸರಿಗೆ ಚಹಾ ಸೋಸುತ್ತಿದ್ದರು. ಕಿವಿ ಪೂರಾ ಇಲ್ಲಿತ್ತು. "ಹೇಳ್ರಿ ಹೇಳ್ರಿ. ಇವರ ಸಮುದ್ರ ಕೇಳಿ ಕೇಳಿ ನನ್ನ ಕೂದ್ಲ ಬೆಳ್ಳಗಾದ್ವು. ಒಮ್ಮೆ ಕರಕೊಂಡು ಹೋಗ್ಲಿಲ್ಲ."

ಆಗ ಬಂತು ರಂಪಣಿಯ ಕತೆ. ರಂಪಣಿ ಅಂದರೆ ಬಹಳ ದೊಡ್ಡ ಬಲೆ. ದೋಣಿಯವರು ಅದನ್ನು ಕಡಲಲ್ಲಿ ಸುತ್ತು ಹಾಕಿ ಎರಡೂ ತುದಿಯ ಹಗ್ಗಗಳನ್ನು ದಂಡೆಗೆ ತರುತ್ತಾರೆ. ದಂಡೆಯ ಮೇಲೆ ಸಾಲಾಗಿ ನಿಂತ ಜನ ಎಳೆಯುತ್ತಾರೆ. ಎಳೆದವರಿಗೆ ಮೀನಿನಲ್ಲಿ ಪಾಲು.

"ನಾನೂ ಎಳದೆ. ನನಗೂ ಪಾಲು ಕೊಟ್ರು!" ಎಂದರು ಹನುಮಂತರಾಯರು.

"ಒಂದು ಬುಟ್ಟಿ ಬಂಗುಡೆ, ನಲಿನಿ," ಸುಭದ್ರಾ ನಕ್ಕರು. "ಇವ್ರು ಮಠದಾಗ ತೀರ್ಥಕ್ಕ ಒಡ್ಡಿದಾಂಗ ಕೈ ಒಡ್ಡಿದ್ರು! ಮನಿ ಮಾಲಕಿಗೆ ಕೊಟ್ಟು, ಸ್ನಾನ ಮಾಡಿ, ಜನಿವಾರ ಬದಲಿಸ್ಕೊಂಡ್ರು."

"ಬದಲಿಸ್ಕೊಂಡೆ, ಖರೆ. ಆದ್ರ ಪಾಲು ಪಾಲೇ ಅಲ್ಲೇನ್ರಿ?"

ದತ್ತಾತ್ರೇಯ ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತು ಎಂದರು. ಅವರಿಗೆ ರಂಪಣಿ ಚೆನ್ನಾಗಿ ನೆನಪಿತ್ತು. ದೂರದಲ್ಲಿ ಮರಳ ಮೇಲೆ, ಇಸ್ತ್ರಿ ಮಾಡಿದ ಚಡ್ಡಿ ಹಾಕಿಕೊಂಡು ನಿಂತ ಪೋಸ್ಟ್ ಮಾಸ್ಟರರ ಮಗ. ಮೀನಿನ ವಾಸನೆ ಬಂದರೆ ಕಿಟಕಿ ಹಾಕುವ ಅಮ್ಮ. ಹಗ್ಗದ ಹತ್ತಿರ ಹೋಗುವುದಿರಲಿ, ತೆರೆ ಪಾದಕ್ಕೆ ತಾಗಿದರೆ ಹಿಂದಕ್ಕೆ ಓಡುತ್ತಿದ್ದ ಹುಡುಗ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಎದುರು ಮನೆಯ ತೋರಣದಲ್ಲಿ ಭತ್ತದ ಕದಿರು. ಅಂಕೋಲೆಯ ಮಾಲಕಿ ಕೊಟ್ಟು ಕಳಿಸಿದ್ದಂತೆ. ಹೊಸ ಬೆಳೆಯ ಕದಿರನ್ನು ಅಲ್ಲಿಯವರು ಬಾಗಿಲಿಗೆ ಕಟ್ಟುತ್ತಾರಂತೆ. ಕಟ್ಟುತ್ತಾರಂತೆ! ದತ್ತಾತ್ರೇಯರ ಅಮ್ಮನೂ ಕಟ್ಟುತ್ತಿದ್ದಳು. ಅದು ತನಗೆ ಇಷ್ಟು ವರ್ಷ ಮರೆತೇ ಹೋಗಿತ್ತು ಎಂಬುದಕ್ಕೆ ದತ್ತಾತ್ರೇಯರು ಹನುಮಂತರಾಯರನ್ನು ಕ್ಷಮಿಸಲಿಲ್ಲ. ಪೇಪರು, ಹಾಲು, ವಾಕಿಂಗು, ಯಾವುದಕ್ಕೆ ಹೊರಬಿದ್ದರೂ ಕದಿರು ಅವರ ಮುಖ ನೋಡುತ್ತಿತ್ತು.

ಅಷ್ಟರಲ್ಲಿ ಸೀಗಿ ಹುಣ್ಣಿಮೆ ಬಂತು. ಊರಲ್ಲಾದರೆ ಅಂದು ಹೊಲಕ್ಕೆ ಹೋಗಿ ಅಡುಗೆಯ ಎಡೆಯನ್ನು ಚರಗ ಎಂದು ಬೆಳೆಗೆ ಚೆಲ್ಲಿ ಬುತ್ತಿ ಉಣ್ಣುತ್ತಾರೆ. ಮಲ್ಕಾಜ್‌ಗಿರಿಯಲ್ಲಿ ಹೊಲ ಎಲ್ಲಿಂದ ತರುವುದು? ತಾರಸಿಯ ಕುಂಡಗಳಲ್ಲಿದ್ದ ತುಳಸಿ, ಕರಿಬೇವು, ಒಂದು ಬಡಕಲು ಬದನೆ ಗಿಡಕ್ಕೆ ಗೊಲ್ಲಾಳಪ್ಪ ಗಂಭೀರವಾಗಿ ಚರಗ ಚೆಲ್ಲುತ್ತಿದ್ದ. ಸಜ್ಜೆ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹೋಳಿಗೆ ಆದ ಮೇಲೆ, ಚಂದ್ರ ನೀರಿನ ಟ್ಯಾಂಕಿನ ಮೇಲೆ ಬರುವ ಹೊತ್ತಿಗೆ ದತ್ತಾತ್ರೇಯ ಸಮುದ್ರದ ಕತೆ ಹೇಳಬೇಕು. ವರ್ಷಾವರ್ಷಾ ನಡೆದುಬಂದ ಪದ್ಧತಿ. ವರ್ಷವಿಡೀ ಯಾರೂ ತಮ್ಮ ಮಾತು ಕೇಳದಿದ್ದರೂ ಅಂದು ಕೇಳುತ್ತಾರೆಂದು ದತ್ತಾತ್ರೇಯ ಬದುಕಿದ್ದರು.

ಎಲ್ಲರೂ ಕೈ ತೊಳೆದು ಜಮಖಾನೆಯ ಮೇಲೆ ಕೂತರು. ದತ್ತಾತ್ರೇಯ ಗಂಟಲು ಸರಿಮಾಡಿಕೊಂಡರು. ಮೇಲಿನ ಮನೆಯ ಪ್ರಫುಲ್ಲಾ ಟೀಚರು, ಹಿಂದಿ ಕಲಿಸಿ ದನಿ ದೊಡ್ಡದು ಮಾಡಿಕೊಂಡವರು, ಅಂದರು: "ಈ ವರ್ಷ ರಾಯರು ಹೇಳ್ಳಿ. ತಾಜಾ ಅದ."

"ಹೌದ್ರಿ, ದತ್ತೂದು ಸ್ಟಾಕ್ ಹಳೇದಾಗೇತಿ," ಎಂದ ಗೊಲ್ಲಾಳಪ್ಪ.

ಎಲ್ಲರೂ ನಕ್ಕರು. ನಲಿನಿಯೂ. ದತ್ತಾತ್ರೇಯ ಕೂಡ ನಕ್ಕರು, ಹಲ್ಲಿನಿಂದ.

ಹನುಮಂತರಾಯರು ಚಂದ ಹೇಳಿದರು, ಕಷ್ಟ ಅದೇ. ಹಗ್ಗ ಅಂಗೈಗೆ ತಾಗಿದ್ದು, ಬಲೆ ಹತ್ತಿರ ಬಂದಂತೆ ನೀರು ಕುದಿಯುವ ಹಾಗೆ ಮೀನು ಹಾರಿದ್ದು. ಮಕ್ಕಳು ಕೂಡ ಮೊಬೈಲು ಕೆಳಗಿಟ್ಟವು. ದತ್ತಾತ್ರೇಯರ ಕತೆಗೆ ಅವು ಒಮ್ಮೆಯೂ ಮೊಬೈಲು ಕೆಳಗಿಟ್ಟಿರಲಿಲ್ಲ.

"ಹಂಗಲ್ಲ ಹಗ್ಗ ಹಿಡಿಯೂದು," ದತ್ತಾತ್ರೇಯರ ಬಾಯಿಂದ ಬಂದೇಬಿಟ್ಟಿತು. "ಸೊಂಟಕ್ಕ ಕೊಟ್ಟು ಎಳೀಬೇಕು. ನಾ ಪ್ರತಿ ಆಶ್ವೀಜದಾಗ ಎಳೀತಿದ್ದೆ."

ನಲಿನಿ ತಿರುಗಿ ನೋಡಿದರು. ಈ ಕತೆ ಅವರು ಕೇಳಿರಲಿಲ್ಲ, ಉಳಿದವೆಲ್ಲ ಬಾಯಿಪಾಠ.

ಹನುಮಂತರಾಯರ ಮುಖ ಅರಳಿತು. ಆ ಮನುಷ್ಯನಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಒಳ್ಳೆಯದಿತ್ತು! "ಎಂತ ಮಾರಾಯ್ರೆ, ಇಷ್ಟು ದಿನ ಹೇಳ್ಲಿಲ್ಲ! ತಡೀರಿ, ನಮ್ಮ ತಾಂಡೇಲರಿಗೆ ಫೋನ್ ಹಚ್ಚತೀನಿ. ಬಲೀ ಯಜಮಾನ್ರು ಅವ್ರ. ನಿಮ್ಮಕಿಂತ ನಾಕು ವರ್ಷ ದೊಡ್ಡವ್ರು, ನಿಮ್ಮನ್ನ ಗುರ್ತು ಹಿಡೀತಾರ."

"ಈಗ ಯಾಕ..." ಅನ್ನುವಷ್ಟರಲ್ಲಿ ಫೋನು ಕೈಗೆ ಬಂದಿತ್ತು. ದತ್ತಾತ್ರೇಯ ಅದನ್ನು ಕಿವಿಗೆ ಒತ್ತಿಕೊಂಡು ಟ್ಯಾಂಕಿನ ಹಿಂದಕ್ಕೆ ನಡೆದರು.

"ರಾಯರಾ? ನೀವಿಲ್ದೆ ಹಗ್ಗ ಭಾರ ಆಗ್ತದೆ ಮಾರಾಯ್ರೆ!"

"ರಾಯರಲ್ಲ. ನಾನು... ಪೋಸ್ಟ್ ಮಾಸ್ಟರರ ಮಗ."

"ಯಾವ ಪೋಸ್ಟ್ ಮಾಸ್ಟರು? ಈಗ ಒಬ್ಬ ಹೆಂಗಸು ಇದ್ದಾರಲ್ಲ, ಅವರದಾ?"

"ಅಲ್ಲ, ಹಳೆಯವರು. ಬಹಳ ಹಿಂದೆ."

"ಹಳಬರು ಸುಮಾರು ಜನ ಬಂದು ಹೋದ್ರು. ನಿಮ್ದು ಯಾವೂರು?"

ಅಂಕೋಲೆ ಅನ್ನಲು ದತ್ತಾತ್ರೇಯ ಬಾಯಿ ತೆರೆದರು. "ಹೈದರಾಬಾದ್ರಿ" ಎಂದು ಬಂತು.

"ಓ, ರಾಯರ ಊರಿನವರಾ! ಒಳ್ಳೆ ಜನ ನೀವು."

ದತ್ತಾತ್ರೇಯ ದನಿ ಇಳಿಸಿ ಕೇಳಿದರು: "ಹಗ್ಗಕ್ಕ ಯಾರು ಬೇಕಾದವ್ರು ಕೈ ಹಾಕಬಹುದೇನ್ರಿ?"

"ಯಾರು ಎಳೆದ್ರೂ ಪಾಲು ಇದ್ದದ್ದೇ. ನಾಯಿಗೂ ಒಂದು ಮೀನು ಹಾಕ್ತೇವೆ."

ಈ ಮಾತು ದತ್ತಾತ್ರೇಯರಿಗೆ ಬಹಳ ಹಿತವಾಯಿತು. ಅದನ್ನೇ ಹಿಡಿದುಕೊಂಡು ಟ್ಯಾಂಕಿನ ಹಿಂದಿನಿಂದ ಬಂದರು. "ನಾಯಿಗೂ ಪಾಲು ಕೊಡ್ತಾರಂತ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

"ಹೌದ್ರಿ!" ಹನುಮಂತರಾಯರು ಜಮಖಾನೆಯಿಂದ ಅರ್ಧ ಎದ್ದರು. "ಆ ಕರಿ ನಾಯಿ! ಅದಕ್ಕ ನನ್ನಕಿಂತ ದೊಡ್ಡ ಮೀನು ಸಿಕ್ಕಿತ್ತು ನೋಡ್ರಿ!"

ತಾರಸಿ ನಗೆಯಿಂದ ತುಂಬಿತು. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಒದ್ದೆ ಕಟ್ಟಿಗೆಗೆ ಬೆಂಕಿ ಹಚ್ಚಿದ ಹಾಗೆ. ಹೊಗೆಯೆಲ್ಲ ಹಚ್ಚಿದವನ ಕಣ್ಣಿಗೇ.

"ಅದಿರ್ಲಿ, ಗುರ್ತು ಹಿಡಿದ್ರೇನು?" ಪ್ರಫುಲ್ಲಾ ಟೀಚರು ಬಿಡುವವರಲ್ಲ.

ಹೌದು ಅಂದುಬಿಡಬಹುದಿತ್ತು. ಫೋನಿನ ಮಾತು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಹನುಮಂತರಾಯರಂತೂ ಆ ಹೌದು ಕೇಳಲು ಎಲ್ಲರಿಗಿಂತ ಕಾತರರಾಗಿದ್ದರು. ದತ್ತಾತ್ರೇಯ ನಲಿನಿಯ ಕಡೆ ನೋಡಿದರು. ನಲಿನಿ ಅವರನ್ನೇ ನೋಡುತ್ತಿದ್ದರು.

"ಇಲ್ಲ," ಎಂದರು. "ಹೈದರಾಬಾದಿನವ ಅಂತ ತಿಳಕೊಂಡ. ಹಗ್ಗ ನಾ ಎಳದಿಲ್ಲ. ದೂರ ನಿಂತು ನೋಡ್ತಿದ್ದೆ."

ಗೊಲ್ಲಾಳಪ್ಪ ಏನೋ ಅನ್ನಲು ಹೋದ. ಸುಭದ್ರಾ ಅವನ ಕೈಗೆ ಉಳಿದ ಹೋಳಿಗೆಯೊಂದನ್ನು ಕೊಟ್ಟು ಬಾಯಿ ಮುಚ್ಚಿಸಿದರು.

"ಅದಕ್ಕೇನ್ರಿ, ಬರೂ ವರ್ಷ ನಮ್ಮ ಸಂಗಾಟ ಬರ್ರಿ," ಎಂದರು ಹನುಮಂತರಾಯರು. "ನಾ ಎಲ್ಲಾ ತೋರಿಸ್ತೀನಿ."

ಹುಟ್ಟಿದ ಊರನ್ನು ರಾಯಚೂರಿನವರು ತೋರಿಸುತ್ತಾರೆ! ದತ್ತಾತ್ರೇಯ ಅದನ್ನೂ ನುಂಗಿದರು. "ಬರ್ತೀನಿ. ಆದ್ರ ಹಗ್ಗದಾಗ ನಿಮ್ಮ ಮುಂದ ನಾ ನಿಂದರೂದು."

"ನಿಂದರ್ರಿ. ಮುಂದ ನಿಂತವ್ರು ನೀರಾಗ ಇಳೀಬೇಕಾಗ್ತದ, ಮತ್ತ."

"ಇಳೀತೀನಿ."

ನಲಿನಿ ಪಾತ್ರೆ ಎತ್ತಲು ಎದ್ದರು. ಮಾತು ಬೇರೆ ಕಡೆ ಹೊರಳಿತು. ದತ್ತಾತ್ರೇಯ ಜಮಖಾನೆಯ ಮೇಲೆ ಕೂತು, ಸರಿದು ಸರಿದು ಹನುಮಂತರಾಯರ ಪಕ್ಕಕ್ಕೆ ಬಂದು, ಮತ್ತಾರಿಗೂ ಕೇಳದ ಹಾಗೆ ಬಗ್ಗಿದರು.

"ಎಷ್ಟು ಆಳ ಇರ್ತದರಿ ಅಲ್ಲಿ?"